ಮೊಬೈಲ್ ಆ್ಯಪ್ ತೋರಿಸುವ ಬೌಲಿಂಗ್ ಸ್ಪೀಡ್ ನಂಬಬಹುದಾ? ಲೆಕ್ಕ ಇಲ್ಲಿದೆ

ಬೌಲಿಂಗ್ ಸ್ಪೀಡ್ ಅಳೆಯುವ ಆ್ಯಪ್ ಈಗ ಯಾರ ಮೊಬೈಲ್‌ಗೆ ಬೇಕಾದರೂ ಸಿಗುತ್ತದೆ. ‘135 ಬಂತು’ ಅಂತ ಸ್ಟೇಟಸ್ ಹಾಕುವುದು ಸುಲಭ. ಆದರೆ ಆ ನಂಬರ್ ನಂಬಿ ಮಗನನ್ನು ಕೋಚಿಂಗ್‌ಗೆ ಸೇರಿಸಿ ಫೀಸು ಕಟ್ಟುವ ಮೊದಲು ಅದು ಹೇಗೆ ಬರುತ್ತೆ ಅನ್ನೋದು ಗೊತ್ತಿರಲಿ. ಬೆಳೆಯುವ ವಯಸ್ಸಿನ ಹುಡುಗರು ಸ್ಪೀಡಿನ ಹಿಂದೆ ಬಿದ್ದು ಮಿತಿ ಮೀರಿ ಬೌಲ್ ಮಾಡಿದರೆ ಸೊಂಟದ ಮೂಳೆಯಲ್ಲಿ ಬಿರುಕು ಬೀಳುವ ಅಪಾಯವೂ ಇದೆ.

ಟಿವಿಯಲ್ಲಿ ಕಾಣುವ ಸ್ಪೀಡ್ ಸಾಮಾನ್ಯವಾಗಿ ರೇಡಾರ್ ಗನ್‌ನದು. ಹೈವೇಯಲ್ಲಿ ಪೊಲೀಸರು ಹಿಡಿದು ನಿಲ್ಲುವಂಥದ್ದೇ ಯಂತ್ರ. ಚೆಂಡು ಕೈಬಿಟ್ಟ ಕ್ಷಣದ ವೇಗವನ್ನು ಅದು ಹೇಳುತ್ತದೆ. ಚೆಂಡಿನ ದಾರಿ ತೋರಿಸುವ ಹಾಕ್-ಐ ಬೇರೆ. ಅದು 2001ರಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಮೊದಲು ಟಿವಿಗೆ ಬಂತು. ಮೈದಾನದ ಸುತ್ತ ಇಟ್ಟ ಹಲವು ಕ್ಯಾಮೆರಾಗಳ ಚಿತ್ರ ಜೋಡಿಸಿ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ.

ಮೊಬೈಲ್‌ನಲ್ಲಿ ಇದ್ಯಾವುದೂ ಇಲ್ಲ. ಚೆಂಡು ಕೈಬಿಟ್ಟಿದ್ದು ಯಾವಾಗ, ಬ್ಯಾಟ್ಸ್‌ಮನ್ ಹತ್ತಿರ ಬಂದಿದ್ದು ಯಾವಾಗ ಅಂತ ವಿಡಿಯೋದಲ್ಲಿ ನೋಡಿ, ದೂರವನ್ನು ಆ ಸಮಯದಿಂದ ಭಾಗಿಸುವುದಷ್ಟೇ. ಎಡವಟ್ಟು ಆಗೋದು ಈ ದೂರದಲ್ಲೇ. ಪಿಚ್ ಅಂದ ಕೂಡಲೇ ಎಲ್ಲರೂ 22 ಗಜ, ಅಂದರೆ 20.12 ಮೀಟರ್ ಅಂತ ಹಾಕ್ತಾರೆ. ಅದು ಸ್ಟಂಪ್‌ನಿಂದ ಸ್ಟಂಪ್‌ಗೆ. ಬೌಲರ್ ಚೆಂಡು ಬಿಡೋದು ಕ್ರೀಸ್ ಹತ್ತಿರ, ಬ್ಯಾಟ್ಸ್‌ಮನ್ ಆಡೋದೂ ಕ್ರೀಸ್ ಹತ್ತಿರ. ಎರಡು ಕ್ರೀಸ್‌ಗಳ ನಡುವಿನ ದೂರ ಸುಮಾರು 17.7 ಮೀಟರ್ ಮಾತ್ರ. ಈ ಒಂದು ತಪ್ಪಿಗೇ 120 ಇದ್ದದ್ದು 137 ಆಗಿಬಿಡುತ್ತೆ! ಹೆಜ್ಜೆ ಲೆಕ್ಕದಲ್ಲಿ ಸ್ಟಂಪ್ ನೆಟ್ಟ ಮೈದಾನವಾದರೆ ಕೇಳುವುದೇ ಬೇಡ.

ಇನ್ನೊಂದು ಫ್ರೇಮ್ ಸಮಸ್ಯೆ. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್. 120ರ ವೇಗದ ಚೆಂಡು ಆ ದೂರ ಸಾಗಲು 16 ಫ್ರೇಮ್ ಸಾಕು. ಒಂದೇ ಒಂದು ಫ್ರೇಮ್ ಹೆಚ್ಚುಕಮ್ಮಿ ಗುರುತಿಸಿದರೂ ಉತ್ತರ 112 ಅಥವಾ 127. ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಇಟ್ಟು ತೆಗೆದರೆ ಈ ವ್ಯತ್ಯಾಸ 1 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ.

ಹಾಗಾಗಿ ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ. ಟೇಪ್ ಹಿಡಿದು ಕೈಬಿಡುವ ಜಾಗದಿಂದ ಬ್ಯಾಟ್ ತನಕ ಅಳೆಯಿರಿ. ಎರಡೂ ತುದಿ ಕಾಣುವಂತೆ ಪಕ್ಕದಿಂದ 240 ಫ್ರೇಮ್‌ನಲ್ಲಿ ವಿಡಿಯೋ ತೆಗೆದು ಫ್ರೇಮ್ ಎಣಿಸಿ. ದೂರವನ್ನು 240ರಿಂದ ಗುಣಿಸಿ, ಫ್ರೇಮ್ ಸಂಖ್ಯೆಯಿಂದ ಭಾಗಿಸಿ, 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. 17.7 ಮೀಟರ್‌ಗೆ 127 ಫ್ರೇಮ್ ಆದರೆ ಸ್ಪೀಡ್ 120.

ಇದು ಸರಾಸರಿ ವೇಗ. ಗಾಳಿಯಲ್ಲಿ, ಪಿಚ್ ಆದ ಮೇಲೆ ಚೆಂಡು ನಿಧಾನವಾಗುವುದರಿಂದ ಟಿವಿಯ ನಂಬರ್‌ಗಿಂತ ಕಡಿಮೆಯೇ ಬರಬೇಕು. ಲೆದರ್ ಬಾಲ್ ತೂಕ ಸುಮಾರು 160 ಗ್ರಾಂ, ಸಾಮಾನ್ಯ ಟೆನಿಸ್ ಬಾಲ್ 60 ಗ್ರಾಂ ಒಳಗೆ. ಹಗುರ ಚೆಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಎರಡರ ನಂಬರ್ ಹೋಲಿಸಲು ಹೋಗಬೇಡಿ.