ನಮ್ಮ ರೂಮಲ್ಲೊಂದು ಕ್ಯಾಪಿಬರಾ

ಹಾಸ್ಟೆಲ್‌ನಲ್ಲಿ ನನ್ನ ಹೆಸರು 'ಕ್ಯಾಪಿ'. ಇಂಟರ್ನಲ್ಸ್ ಇರಲಿ, ಲ್ಯಾಬ್ ಎಕ್ಸಾಮ್ ಇರಲಿ, ನನ್ನ ಮುಖದಲ್ಲಿ ಒಂದೇ ಭಾವ. ರೀಲ್ಸ್‌ನಲ್ಲಿ ತಲೆ ಮೇಲೆ ಕಿತ್ತಳೆ ಹಣ್ಣು ಇಟ್ಟುಕೊಂಡು ಬಿಸಿನೀರಲ್ಲಿ ಕಣ್ಣುಮುಚ್ಚಿ ಕೂತಿರುತ್ತಲ್ಲ, ಆ ಕ್ಯಾಪಿಬರಾ ಥರಾನೇ ಇದೀಯ ಅಂತ ರೂಮ್‌ಮೇಟ್ ಇಟ್ಟ ಹೆಸರದು. ನನಗೂ ಇಷ್ಟವಾಗಿತ್ತು, ನಾಲ್ಕನೇ ಸೆಮ್ ರಿಸಲ್ಟ್ ಬರುವವರೆಗೆ.

ಎರಡು ಸಬ್ಜೆಕ್ಟ್ ಬ್ಯಾಕ್! ಬ್ಯಾಕ್ ಇದ್ದವರನ್ನು ಎಷ್ಟೋ ಕಂಪನಿಗಳು ಪ್ಲೇಸ್‌ಮೆಂಟ್‌ಗೆ ಕೂರಿಸುವುದೇ ಇಲ್ಲ. ಅಪ್ಪ ಫೋನ್ ಮಾಡಿದಾಗ 'ರಿಸಲ್ಟ್ ಇನ್ನೂ ಬಂದಿಲ್ಲ' ಎಂದುಬಿಟ್ಟೆ. ಮುಖ ಮಾತ್ರ ಎಂದಿನಂತೆ ಶಾಂತ. ರಾತ್ರಿ ನಿದ್ದೆ ಬಾರದೆ ಬೆಡ್‌ಶೀಟ್ ಹೊದ್ದು, ನನ್ನ ಹೆಸರಿನ ಆ ಪ್ರಾಣಿಯ ಬಗ್ಗೆಯೇ ಓದತೊಡಗಿದೆ.

ದಕ್ಷಿಣ ಅಮೆರಿಕದ ಹೊಳೆ, ಜೌಗು ಪ್ರದೇಶಗಳಲ್ಲಿ ಬದುಕುವ ಕ್ಯಾಪಿಬರಾ ಇಲಿಗಳ ವರ್ಗದಲ್ಲೇ ಅತಿ ದೊಡ್ಡದು. ತೂಕ ಸುಮಾರು 50 ಕೆ.ಜಿ., ಹೆಚ್ಚುಕಡಿಮೆ ನನ್ನಷ್ಟೇ! ಇಲಿ, ಹೆಗ್ಗಣಗಳ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ. ಕ್ಯಾಪಿಬರಾಗೆ ನಮ್ಮ ಹಾಗೆಯೇ ಅದು ಆಗದು, ಆಹಾರದಿಂದಲೇ ಸಿಗಬೇಕು. ಸಿಗದಿದ್ದರೆ ಅದಕ್ಕೂ ನಮ್ಮಂತೆ ಸ್ಕರ್ವಿ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಹತ್ತಿಪ್ಪತ್ತರ ಗುಂಪಿನಲ್ಲಿ ಇರುತ್ತದೆ. ಗುಂಪಿನ ಯಾವ ತಾಯಿಯ ಬಳಿ ಹೋದರೂ ಮರಿಗೆ ಹಾಲು ಸಿಗುತ್ತದೆ.

ಬಿಸಿನೀರಿನ ಕಥೆಯೂ ಮಜವಾಗಿದೆ. ಜಪಾನಿನ ಇಜು ಶಾಬೊಟೆನ್ ಮೃಗಾಲಯದಲ್ಲಿ 1982ರ ಚಳಿಗಾಲದಲ್ಲಿ ಬಿಸಿನೀರು ಹಾಕಿ ತೊಳೆಯುವಾಗ, ನೀರು ನಿಂತ ಕಡೆ ಕ್ಯಾಪಿಬರಾಗಳು ಬಂದು ಕೂತವಂತೆ. ಅಂದಿನಿಂದ ಅವಕ್ಕೆ ಸ್ನಾನದ ಭಾಗ್ಯ. ಹಾಸ್ಟೆಲ್‌ನಲ್ಲಿ ಬಿಸಿನೀರು ಬಂತೆಂದರೆ ನಾವೂ ಬಕೆಟ್ ಹಿಡಿದು ಹಾಗೇ ಸೇರುತ್ತೇವೆ!

ಆದರೆ ಅದು ನಿಶ್ಚಿಂತ ಪ್ರಾಣಿ ಅಂದುಕೊಂಡಿದ್ದು ನನ್ನ ತಪ್ಪು. ಕಾಡಿನಲ್ಲಿ ಜಾಗ್ವಾರ್, ಅನಕೊಂಡಾಗಳ ಭಯ ಇದ್ದೇ ಇದೆ. ಅದರ ಕಣ್ಣು, ಕಿವಿ, ಮೂಗು ತಲೆಯ ಮೇಲ್ಭಾಗದಲ್ಲಿವೆ. ಹಾಗಾಗಿ ಮೈಯೆಲ್ಲ ನೀರಲ್ಲಿದ್ದರೂ ಕಾವಲು ತಪ್ಪುವುದಿಲ್ಲ. ಅಪಾಯ ಕಂಡ ಕ್ಯಾಪಿಬರಾ ನಾಯಿಯಂತೆ ಬೊಗಳಿ ಎಲ್ಲರನ್ನೂ ಎಚ್ಚರಿಸುತ್ತದೆ. ನೀರೊಳಗೆ ಮುಳುಗಿದರೂ ಸುಮಾರು ಐದು ನಿಮಿಷವಷ್ಟೇ, ಮತ್ತೆ ಉಸಿರಿಗೆ ಮೇಲೆ ಬರಲೇಬೇಕು. ನಾನು ಮುಳುಗಿ ಆಗಲೇ ಹನ್ನೊಂದು ದಿನವಾಗಿತ್ತು. ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಮರುದಿನ ರೂಮ್‌ಮೇಟ್ ಕೇಳಿದ: 'ಲೋ ಕ್ಯಾಪಿ, ಮೂರು ದಿನದಿಂದ ಮೆಸ್‌ಗೇ ಬಂದಿಲ್ವಲ್ಲೋ, ಏನಾಯ್ತೋ?' ಎಲ್ಲ ಹೇಳಿಬಿಟ್ಟೆ. ಅವನು ನಗಲಿಲ್ಲ. 'ನಂದೂ ಮ್ಯಾಥ್ಸ್ ಹೋಗಿದೆ ಕಣೋ' ಅಂದ. ಒಂದೇ ರೂಮಲ್ಲಿದ್ದೂ ಇಬ್ಬರೂ ಮುಚ್ಚಿಟ್ಟುಕೊಂಡಿದ್ದೆವು!

ಅಂದು ಸಂಜೆಯೇ ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಮೊದ್ಲೇ ಹೇಳಬಾರ್ದಿತ್ತೇನೋ? ಊಟ ಮಾಡಿದ್ಯಾ?' ಅಂದ್ರು. ಆ ರಾತ್ರಿ ಮೆಸ್‌ನಲ್ಲಿ ಎರಡೆರಡು ಸಲ ಅನ್ನ ಹಾಕಿಸಿಕೊಂಡೆ.

ಈಗ ಪಕ್ಕದ ರೂಮಿನ ಇಬ್ಬರೂ ಸೇರಿ ನಾಲ್ವರು ರಾತ್ರಿ ಒಟ್ಟಿಗೆ ಓದುತ್ತೇವೆ. ಬ್ಯಾಕ್ ಇನ್ನೂ ಕ್ಲಿಯರ್ ಆಗಿಲ್ಲ, ಹೆದರಿಕೆಯೂ ಹೋಗಿಲ್ಲ. ಆದರೆ ಒಬ್ಬನೇ ಹೆದರುತ್ತಿಲ್ಲ, ಅಷ್ಟೇ.

ನಿಮ್ಮ ಗ್ಯಾಂಗಲ್ಲೂ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಒಬ್ಬ ಕ್ಯಾಪಿ ಇರಬಹುದು. ಇವತ್ತು ಅವನು ಊಟಕ್ಕೆ ಬಂದನಾ, ಒಮ್ಮೆ ನೋಡಿ.