ಕತ್ತಲಲ್ಲಿ ಉರಿದ ಈಟಿ

ಗಿಟಾರಿಲ್ಲ, ಡ್ರಮ್ಮಿಲ್ಲ, ಒಂದು ತಂಬೂರಿಯಷ್ಟೂ ಆಸರೆಯಿಲ್ಲ. ರಾತ್ರಿ, ಕಡಲ ದಂಡೆ, ಗಡ್ಡಧಾರಿಯೊಬ್ಬ ಬಾಯಿ ತೆರೆಯುತ್ತಾನೆ. ಅಬ್ಬಾ! 1978ರ ಜಮೈಕಾ ಚಿತ್ರ ‘ರಾಕರ್ಸ್’ನ ಈ ತುಣುಕನ್ನು ಎಷ್ಟು ಸಲ ಹಿಂದಕ್ಕೋಡಿಸಿ ಕೇಳಿದೆನೋ, ಲೆಕ್ಕವಿಟ್ಟಿಲ್ಲ.

ಯಾರಪ್ಪಾ ಈತ? ರೆಗ್ಗೆ ಗಾಯಕ ವಿನ್‌ಸ್ಟನ್ ರಾಡ್ನಿ. ಹಾಡಿಗಾಗಿ ಇಟ್ಟುಕೊಂಡ ಹೆಸರು ಬರ್ನಿಂಗ್ ಸ್ಪಿಯರ್, ಉರಿಯುವ ಈಟಿ. ಕೆನ್ಯಾದ ನಾಯಕ ಜೋಮೊ ಕೆನ್ಯಾಟಾಗೆ ಇದ್ದ ಬಿರುದದು! ಹುಟ್ಟೂರು ಜಮೈಕಾದ ಉತ್ತರ ಕರಾವಳಿಯ ಸೇಂಟ್ ಆನ್ಸ್ ಬೇ. ಕರಿಯರ ಸ್ವಾಭಿಮಾನಕ್ಕೆ ದನಿಯಾದ ಮಾರ್ಕಸ್ ಗಾರ್ವಿ 1887ರಲ್ಲಿ ಹುಟ್ಟಿದ್ದೂ ಇಲ್ಲೇ. ಅದೇ ಸೀಮೆಯ ಗುಡ್ಡದ ಮೇಲಿನ ನೈನ್ ಮೈಲ್ ಹಳ್ಳಿ ಬಾಬ್ ಮಾರ್ಲಿಯದು. ಆ ಮಣ್ಣಿಗೆ ಏನು ಗೊಬ್ಬರ ಹಾಕಿದ್ದರೋ!

ಇನ್ನೊಂದು ಕೇಳಿ. ಆ ಗುಡ್ಡಗಾಡಿನಲ್ಲೇ ಒಂದು ದಿನ ಮಾರ್ಲಿ ಎದುರಾದನಂತೆ, ಕತ್ತೆ ಹೊಡೆದುಕೊಂಡು ತೋಟಕ್ಕೆ ಹೊರಟಿದ್ದನಂತೆ. ಇದು ರಾಡ್ನಿಯೇ ಹೇಳಿಕೊಂಡ ಕತೆ. ಹಾಡಬೇಕು, ದಾರಿ ತೋರಿಸು ಅಂದದ್ದಕ್ಕೆ, ಕಿಂಗ್‌ಸ್ಟನ್‌ನ ಸ್ಟುಡಿಯೋ ಒನ್‌ಗೆ ಹೋಗು ಅಂದನಂತೆ ಮಾರ್ಲಿ. ಹೋದ. 1969ರಲ್ಲಿ ಮೊದಲ ಹಾಡು ಹೊರಬಂತು.

ಆದರೆ ಬೆಂಕಿ ಹತ್ತಿಕೊಂಡದ್ದು 1975ರಲ್ಲಿ. ಓಚೊ ರಿಯೋಸ್‌ನಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ಜ್ಯಾಕ್ ರೂಬಿ ನಿರ್ಮಾಪಕನಾಗಿ ಜೊತೆಯಾದ; ‘ಮಾರ್ಕಸ್ ಗಾರ್ವಿ’ ಆಲ್ಬಮ್ ಬಂತು. ಲಂಡನ್ನಿನಲ್ಲಿ ತೀರಿಕೊಂಡು ಮೂವತ್ತೈದು ವರ್ಷವಾಗಿದ್ದ ಗಾರ್ವಿಯನ್ನು ಅವನೂರಿನ ಹುಡುಗನೇ ಕೂಗಿ ಕರೆದ! ರಾಡ್ನಿ ಹಾಡುವ ರೀತಿಯೇ ಅದು: ಒಂದು ಸಾಲನ್ನು ಹಿಡಿದರೆ ಬಿಡುವವನಲ್ಲ, ಜಪದಂತೆ ತಿರುಗಿಸಿ ತಿರುಗಿಸಿ ಕೇಳುಗನ ಎದೆಗೆ ಇಳಿಸುತ್ತಾನೆ. ಐಲೆಂಡ್ ರೆಕಾರ್ಡ್ ಕಂಪನಿ ಹೊರದೇಶದ ಕಿವಿಗಳಿಗೆಂದು ಮಿಶ್ರಣವನ್ನು ನಯಗೊಳಿಸಿತು, ರಾಡ್ನಿಗೆ ಅದು ಹಿಡಿಸಲಿಲ್ಲ. ಮರುವರ್ಷ ಅದೇ ಹಾಡುಗಳ ಡಬ್ ರೂಪ ‘ಗಾರ್ವೀಸ್ ಘೋಸ್ಟ್’. ಗಾಯಕನ ದನಿಯನ್ನೇ ತೆಗೆದುಹಾಕಿ, ಅಲ್ಲೊಂದು ಇಲ್ಲೊಂದು ಚೂರು ಮಾತ್ರ ಉಳಿಸಿದ್ದಾರೆ. ಇಲ್ಲದ ದನಿಗಾಗಿ ಕಿವಿ ತಡಕಾಡುತ್ತದೆ. ಹೆಸರಿಗೆ ತಕ್ಕ ಭೂತ!

ಮುಂದೆ ಎರಡು ಗ್ರ್ಯಾಮಿ ಬಂದವು, ಬರಲಿ. 2023ರಲ್ಲೂ, ಎಪ್ಪತ್ತು ದಾಟಿದ ಮೇಲೂ, ಹೊಸ ಆಲ್ಬಮ್ ತಂದ ಆಸಾಮಿ ಈತ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಮಾತ್ರ ಬೇರೆಯೇ. ‘ರಾಕರ್ಸ್’ನ ಆ ಇರುಳಲ್ಲಿ ರಾಡ್ನಿಯ ಹಾಡಿಗೆ ಕಿವಿಗೊಡುವ ಕಥಾನಾಯಕ ಯಾರು ಗೊತ್ತೇ? ಲೆರಾಯ್ ‘ಹಾರ್ಸ್‌ಮೌತ್’ ವ್ಯಾಲೇಸ್. ‘ಮಾರ್ಕಸ್ ಗಾರ್ವಿ’ ಆಲ್ಬಮ್ಮಿಗೆ ಡ್ರಮ್ ಬಾರಿಸಿದ ಆಸಾಮಿಯೇ! ಇಲ್ಲಿ ಅವನ ಕೈಯಲ್ಲಿ ಕೋಲಿಲ್ಲ. ಸುಮ್ಮನೆ ಕೇಳುತ್ತಿದ್ದಾನೆ.