ಡಾಕ್ಟರ ಹೆಂಡತಿಯ ಕ್ಯಾಮೆರಾ

ನಾರ್ವೆಯ ಈಶಾನ್ಯ ತುದಿಯಲ್ಲಿ, ರಷ್ಯಾದ ಗಡಿಗೆ ಅಂಟಿಕೊಂಡಂತೆ ಕಿರ್ಕೆನೆಸ್ ಎಂಬ ಪುಟ್ಟ ಊರಿದೆ. ಅಲ್ಲಿನ ಭಾಷೆಯಲ್ಲಿ ‘ಕಿರ್ಕೆ’ ಎಂದರೆ ಚರ್ಚು, ‘ನೆಸ್’ ಎಂದರೆ ನೀರಿನೊಳಕ್ಕೆ ಮೂಗು ಚಾಚಿದ ನೆಲ. 1862ರಲ್ಲಿ ಕಟ್ಟಿದ ಚರ್ಚಿನಿಂದ ಬಂದ ಹೆಸರಿದು. 1886ರಲ್ಲಿ ಇಪ್ಪತ್ತರ ಹರೆಯದ ಎಲ್ಲಿಸಿಫ್ ವೆಸೆಲ್ ಮದುವೆಯಾಗಿ ಇಲ್ಲಿಗೆ ಬಂದಾಗ ಅದನ್ನು ಊರೆಂದು ಕರೆಯುವುದೂ ಕಷ್ಟವಿತ್ತು: ಒಂದು ಚರ್ಚು, ಬೆರಳೆಣಿಕೆಯ ಮನೆಗಳು. ಗಂಡ ಆಂದ್ರೆಯಾಸ್ ಆ ಸೀಮೆಯ ಡಾಕ್ಟರು. ರೋಗಿಗಳು ನದಿಯಾಚೆ, ಕಾಡಿನಾಚೆ ಚದುರಿಹೋಗಿದ್ದರು. ಅವರನ್ನು ತಲುಪಲು ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮಸಾರಂಗ ಎಳೆಯುವ ಜಾರುಬಂಡಿ. ಆ ಸೀಮೆಯ ಬದುಕನ್ನು ಎಲ್ಲಿಸಿಫ್ ಕ್ಯಾಮೆರಾದಲ್ಲಿ ಹಿಡಿಯತೊಡಗಿದರು.

ಅವರು ಸ್ಟುಡಿಯೋ ಇಟ್ಟವರಲ್ಲ, ದುಡ್ಡಿಗೆ ಫೋಟೋ ತೆಗೆದವರೂ ಅಲ್ಲ.

ಇಂಥ ಹವ್ಯಾಸ ಸಾಧ್ಯವಾಗಲು ಕಾರಣರಾದವರೂ ಒಬ್ಬ ಡಾಕ್ಟರೇ. ಅದುವರೆಗೆ ಗಾಜಿನ ಪ್ಲೇಟಿಗೆ ಆಗಷ್ಟೇ ರಾಸಾಯನಿಕ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಹೋದಲ್ಲೆಲ್ಲ ಕತ್ತಲ ಕೋಣೆಯನ್ನೂ ಹೊತ್ತೊಯ್ಯಬೇಕು! ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರಿಗೆ ಆ ರಾಸಾಯನಿಕದ ಈಥರ್ ಹಬೆ ಒಗ್ಗುತ್ತಿರಲಿಲ್ಲ. 1871ರಲ್ಲಿ ಅವರು ಜೆಲಟಿನ್ ಬಳಸಿ ಒಣ ಪ್ಲೇಟಿನ ದಾರಿ ತೋರಿಸಿದರು. 1880ರ ದಶಕದ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಪ್ಲೇಟುಗಳು ಪೆಟ್ಟಿಗೆಗಟ್ಟಲೆ ಸಿಗುತ್ತಿದ್ದವು. ಚಿತ್ರ ತೆಗೆದು, ಮನೆಗೆ ಬಂದು ಬಿಡುವಾದಾಗ ತೊಳೆದರಾಯಿತು. ದೂರದ ಊರಿನ ಗೃಹಿಣಿಯ ಕೈಗೂ ಕ್ಯಾಮೆರಾ ಎಟುಕಿತು.

ಆದರೆ ಕಿರ್ಕೆನೆಸ್‌ನಲ್ಲಿ ಬೆಳಕಿಗೂ ಕಾಲವಿದೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ, ನಡುರಾತ್ರಿಯಲ್ಲೂ ಫೋಟೋ ತೆಗೆಯಬಹುದು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅವನು ಮುಖ ತೋರಿಸುವುದಿಲ್ಲ. ನಟ್ಟನಡು ಹಗಲಲ್ಲಿ ಒಂದಿಷ್ಟು ನೀಲಿ ಮಬ್ಬು, ಅಷ್ಟೇ.

ಆಗ ಸ್ಟುಡಿಯೋಕ್ಕೆ ಬರುವವರು ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಬಟ್ಟೆ ಉಟ್ಟು ಬರುತ್ತಿದ್ದರು. ಹಿಂದೆ ಬಣ್ಣದ ಪರದೆ, ಮುಖದಲ್ಲಿ ಬಿಗಿತ. ಎಲ್ಲಿಸಿಫ್ ಕ್ಯಾಮೆರಾ ಹೊತ್ತು ಜನರಿದ್ದಲ್ಲಿಗೇ ಹೋದರು. ಹುಲ್ಲುಹೆಂಟೆ ಹೊದಿಸಿದ ಗುಡಿಸಲಿನ ಮುಂದೆ ನಿಂತ ಮನೆಮಂದಿ, ದೋಣಿ, ಹಿಮಸಾರಂಗ, ದಿನನಿತ್ಯದ ಉಡುಪು ಅವರ ಚಿತ್ರಗಳಲ್ಲಿವೆ. ನಾರ್ವೇಜಿಯನ್ನರು, ಮೂಲನಿವಾಸಿಗಳಾದ ಸಾಮಿಗಳು, ಫಿನ್ನಿಶ್ ಮೂಲದ ಕ್ವೆನರು, ರಷ್ಯನ್ನರು ಎಲ್ಲರೂ ಆ ಸೀಮೆಯವರೇ. ಅವರಲ್ಲಿ ಸ್ಕೋಲ್ಟ್ ಸಾಮಿಗಳ ಪಾಡು ಬೇರೆಯೇ. ಋತುವಿಗೆ ತಕ್ಕಂತೆ ಒಳನಾಡಿಗೂ ಕಡಲತೀರಕ್ಕೂ ಓಡಾಡಿಕೊಂಡಿದ್ದ ಅವರ ನೆಲದ ಮೇಲೆಯೇ 1826ರಲ್ಲಿ ನಾರ್ವೆ ಮತ್ತು ರಷ್ಯಾ ಗಡಿಗೆರೆ ಎಳೆದವು. ಈ ಗಡಿನಾಡಿನ ಚಿತ್ರಗಳನ್ನು ಎಲ್ಲಿಸಿಫ್ 1902ರಲ್ಲಿ ಪುಸ್ತಕವಾಗಿ ಹೊರತಂದರು.

ಆ ಕಾಲದಲ್ಲಿ ಸಾಮಿಗಳತ್ತ ಕ್ಯಾಮೆರಾ ತಿರುಗಿಸಿದವರು ಇನ್ನೂ ಇದ್ದರು. 1884ರಲ್ಲಿ ಸಾಮಿಗಳ ನಾಡಾದ ಲ್ಯಾಪ್‌ಲ್ಯಾಂಡಿಗೆ ಬಂದ ಫ್ರಾನ್ಸಿನ ರಾಜಮನೆತನದ ರೋಲಾಂ ಬೊನಪಾರ್ಟ್, ಸಾಮಿಗಳನ್ನು ಸಾಲಾಗಿ ನಿಲ್ಲಿಸಿ ಎದುರಿನಿಂದೊಂದು, ಪಕ್ಕದಿಂದೊಂದು ಫೋಟೋ ತೆಗೆಸಿ, ಮೈಕಟ್ಟಿನ ಅಳತೆಯನ್ನೂ ಹಿಡಿಸಿದ. ಅಲ್ಲಿ ಮನುಷ್ಯ ಒಂದು ಮಾದರಿ ಮಾತ್ರ. ಎಲ್ಲಿಸಿಫ್ ಅವರದೂ ಹೊರಗಿನವಳ ಕಣ್ಣೇ, ಅದೂ ಡಾಕ್ಟರ ಮನೆಯೊಡತಿಯ ಕಣ್ಣು. ಮುಂದೆ ನಿಂತ ಬಡವರಿಗೆ ಬೇಡವೆನ್ನುವುದು ಸುಲಭವಿದ್ದಿರಲಾರದು. ಆದರೂ ಎಲ್ಲಿಸಿಫ್ ಬಂದುಹೋಗುವ ಪ್ರವಾಸಿಯಲ್ಲ. ಫೋಟೋ ತೆಗೆಸಿಕೊಂಡವರ ನೆರೆಯಲ್ಲೇ ಅವರೂ ಬಾಳಬೇಕಿತ್ತು.

1906ರಲ್ಲಿ ಊರಿನ ಚಹರೆಯೇ ಬದಲಾಯಿತು. ಸಿಡ್‌ವರಾಂಗರ್ ಕಬ್ಬಿಣದ ಅದಿರಿನ ಕಂಪನಿ ಶುರುವಾಗಿ, ಕೂಲಿ ಅರಸಿ ಜನ ಬಂದು ತುಂಬಿಕೊಂಡರು. ಅದೇ ವರ್ಷ ಹುಟ್ಟಿದ ಕಾರ್ಮಿಕ ಸಂಘಟನೆಯಲ್ಲಿ ಮುಂದೆ ನಿಂತವರಲ್ಲಿ ಎಲ್ಲಿಸಿಫ್ ಒಬ್ಬರು. ಕ್ಯಾಮೆರಾಕ್ಕಿಂತ ಲೇಖನಿ ಹೆಚ್ಚು ಓಡತೊಡಗಿತು: ಲೇಖನ, ಕವಿತೆ, ಸಮಾಜವಾದದ ಪ್ರಚಾರ.

ಅವರ ಹವ್ಯಾಸದ ಬೆಲೆ ತಿಳಿಸಿದ್ದು ಎರಡನೇ ಮಹಾಯುದ್ಧ. ಜರ್ಮನ್ನರು ನೆಲೆಯೂರಿದ್ದ ಕಿರ್ಕೆನೆಸ್ ಮೇಲೆ ಸೋವಿಯತ್ ವಿಮಾನಗಳು 300ಕ್ಕೂ ಹೆಚ್ಚು ಸಲ ದಾಳಿ ಮಾಡಿದವು. ಹಿಮ್ಮೆಟ್ಟುವಾಗ ಜರ್ಮನ್ ಸೇನೆ ಉಳಿದದ್ದಕ್ಕೂ ಬೆಂಕಿ ಇಟ್ಟಿತು. ಸಾವಿರಾರು ಜನ ಪಕ್ಕದ ಬ್ಯೋರ್ನೆವಾಟ್ನ್ ಗಣಿಯ ಸುರಂಗದಲ್ಲಿ ಜೀವ ಉಳಿಸಿಕೊಂಡರು. ಆ ಕತ್ತಲಲ್ಲೇ ಹೆರಿಗೆಗಳೂ ಆದವು. 1944ರ ಅಕ್ಟೋಬರ್ 25ರಂದು ಸೋವಿಯತ್ ಕೆಂಪು ಸೇನೆ ಒಳಬಂದಾಗ ಊರೆಂದರೆ ಸುಟ್ಟ ಮರ ಮತ್ತು ಹೊಗೆಗೊಳವೆಗಳು.

ಎಲ್ಲಿಸಿಫ್ 1949ರಲ್ಲಿ ತೀರಿಕೊಂಡರು. ಊರನ್ನು ಮತ್ತೆ ಹೊಸದಾಗಿ ಕಟ್ಟಲಾಯಿತು. ಗಣಿಗೂ ಯುದ್ಧಕ್ಕೂ ಮೊದಲು ಆ ಸೀಮೆಯ ಜನ ಏನು ಉಡುತ್ತಿದ್ದರು, ಎಂಥ ಮನೆಯಲ್ಲಿ ವಾಸವಿದ್ದರು, ಮಕ್ಕಳನ್ನು ಹೇಗೆ ಎತ್ತಿಕೊಳ್ಳುತ್ತಿದ್ದರು ಎಂದು ತಿಳಿಯಬಯಸುವವರು ಇಂದಿಗೂ ಹುಡುಕುವುದು ಈ ಡಾಕ್ಟರ ಹೆಂಡತಿ ತೆಗೆದ ಫೋಟೋಗಳನ್ನೇ.